ಹೆದ್ದಾರಿ ಪಕ್ಕದ ಸ್ವಂತ ಹೊಲದಲ್ಲಿ ಹೋಟೆಲ್ ಬೋರ್ಡ್: ಯಾರ ಅನುಮತಿ ಬೇಕು?

ದಾರಿಬದಿ_ಹೋಟೆಲ್:
ಎನ್‌ಎಚ್ 48, ಶಿರಾ–ಹಿರಿಯೂರು ನಡುವೆ, ಗ್ರಾಮ ಪಂಚಾಯಿತಿ ವ್ಯಾಪ್ತಿ. ಹೋಟೆಲ್ ಪಕ್ಕದ ನಮ್ಮದೇ ಹೊಲದಲ್ಲಿ, ಹೆದ್ದಾರಿ ಬೇಲಿಯಿಂದ ಹತ್ತಡಿ ಒಳಗೆ 20×10 ಅಡಿ ಬೋರ್ಡ್ ನಿಲ್ಲಿಸಬೇಕು. ಎರೆಮಣ್ಣಿನ ಹೊಲ. ಫ್ಲೆಕ್ಸ್ ಸಾಕು ಅಂತ ಅಂದಾಜು. ಒಂದು ಕಿಲೋಮೀಟರ್ ಹಿಂದೆ ಕ್ರ್ಯಾಶ್ ಬ್ಯಾರಿಯರ್‌ಗೆ ಒಂದು ಬಾಣದ ಗುರುತಿನ ಬೋರ್ಡ್ ಕಟ್ಟುವ ಯೋಚನೆಯೂ ಇದೆ. ಮುಂದೆ ಬಾರ್ ಲೈಸೆನ್ಸ್ ತೆಗೆದುಕೊಳ್ಳುವುದಿದೆ, ಈಗಲೇ ‘ಬಾರ್ ಅಂಡ್ ರೆಸ್ಟೋರೆಂಟ್’ ಅಂತ ಬರೆಸಿಬಿಡಲೇ? ಯಾರ ಹತ್ತಿರ ಅರ್ಜಿ ಹಾಕಬೇಕು, ಏನೇನು ಜೋಡಿಸಬೇಕು?

ಊರಿನವ:
ಸ್ವಂತ ಜಮೀನು ಅಲ್ವಾ ಸರ್, ಪಿಡಿಒ ಹತ್ತಿರ ಲೈಸೆನ್ಸ್ ಮಾಡಿಸಿ ಹಾಕಿ. ಎಲ್ಲರೂ ಹಾಗೇ ಮಾಡೋದು.

ಸರ್ವೆಕಲ್ಲು:
ಪಂಚಾಯಿತಿ ಲೈಸೆನ್ಸ್ ಬೇಕು ನಿಜ, ಆದರೆ ಅದೊಂದೇ ಸಾಕಾಗುವುದಿಲ್ಲ. ಮೊದಲು ಹೆದ್ದಾರಿ ಜಾಗ ಎಲ್ಲಿಗೆ ಮುಗಿಯುತ್ತದೆ ಅನ್ನೋದು ಖಾತ್ರಿಯಾಗಬೇಕು. ಬೇಲಿಯನ್ನು ನಂಬಬೇಡಿ. ಎಷ್ಟೋ ಕಡೆ ಬೇಲಿ ಹೆದ್ದಾರಿ ಜಾಗದ ಒಳಗೇ ಇರುತ್ತದೆ, ಗಡಿ ಕಲ್ಲು ಆಚೆ ಹೊಲದಲ್ಲಿ ಮಣ್ಣು ಮುಚ್ಚಿಕೊಂಡು ಬಿದ್ದಿರುತ್ತದೆ.

ಪಹಣಿಯ 9ನೇ ಕಾಲಂನಲ್ಲಿ ನಿಮ್ಮ ಹೆಸರಿದೆ ಅಂದ ಮಾತ್ರಕ್ಕೆ ಜಾಗ ನಿಮ್ಮದೇ ಅಂತಲೂ ಅಲ್ಲ. ರಾಷ್ಟ್ರೀಯ ಹೆದ್ದಾರಿ ಕಾಯ್ದೆ 1956ರ 3ಡಿ ಅಧಿಸೂಚನೆ (ಭೂಸ್ವಾಧೀನದ ಘೋಷಣೆ) ಪ್ರಕಟವಾದ ಕ್ಷಣದಿಂದ ಆ ಜಾಗ ಕೇಂದ್ರ ಸರ್ಕಾರದ್ದು. ಪರಿಹಾರ ಬಾಕಿ ಇರಲಿ, ಪಹಣಿ ತಿದ್ದದೇ ಉಳಿದಿರಲಿ, ಲೆಕ್ಕಕ್ಕೆ ಬರುವುದಿಲ್ಲ. ಹಾಗಾಗಿ ಗೆಜೆಟ್‌ನಲ್ಲಿ ನಿಮ್ಮ ಸರ್ವೆ ನಂಬರ್, ಹಿಸ್ಸಾ, ಎಷ್ಟು ಗುಂಟೆ ಹೋಗಿದೆ ಎಲ್ಲ ನೋಡಿ. ಹುಡುಕುವಾಗ ‘ಎನ್‌ಎಚ್ 4’ ಅಂತ ಹುಡುಕಿ. ನಂಬರ್ ಬದಲಾಗುವ ಮುಂಚಿನ ಅಧಿಸೂಚನೆಗಳಲ್ಲಿ ಹಾಗೇ ಇರುತ್ತದೆ. ಆಮೇಲೆ ಹದ್ದುಬಸ್ತಿಗೆ (ಸರ್ವೆಯವರಿಂದ ಗಡಿ ಅಳೆಸುವುದಕ್ಕೆ) ಅರ್ಜಿ ಹಾಕಿ ಕಲ್ಲು ಗುರುತು ಮಾಡಿಸಿ, ಆ ನಕ್ಷೆಯ ಮೇಲೆ ಬೋರ್ಡಿನ ಎರಡೂ ಕಂಬದ ಜಾಗ ಬರೆಸಿ.

ಇನ್ನೊಂದು ಲೆಕ್ಕ. ಐಆರ್‌ಸಿ (ಇಂಡಿಯನ್ ರೋಡ್ಸ್ ಕಾಂಗ್ರೆಸ್) 73ನೇ ಸಂಹಿತೆಯ ಪ್ರಕಾರ ಊರಾಚೆಯ ಬಯಲಿನಲ್ಲಿ ಹೆದ್ದಾರಿಯ ನಡುಗೆರೆಯಿಂದ 40 ಮೀಟರ್ ಕಟ್ಟಡ ರೇಖೆ (ಅದರೊಳಗೆ ಕಟ್ಟುವಂತಿಲ್ಲ), 75 ಮೀಟರ್ ನಿಯಂತ್ರಣ ರೇಖೆ (ಅಲ್ಲಿಯವರೆಗೆ ಕಟ್ಟುವುದಕ್ಕೆ ನಿಯಂತ್ರಣ). ಹೆದ್ದಾರಿ ಜಾಗ ಒಟ್ಟು 60 ಮೀಟರ್ ಅಗಲ ಇದೆ ಅಂದುಕೊಂಡರೆ, ಗಡಿಯಿಂದ ಹತ್ತಡಿ ಒಳಗೆ ಅಂದರೂ ನಡುಗೆರೆಯಿಂದ 33 ಮೀಟರ್ ಮಾತ್ರ. ಕಾಂಕ್ರೀಟ್ ಪಾಯದ ಕಂಬ ಅಲ್ಲಿ ಹಾಕಿದರೆ ತಕರಾರು ಬರುತ್ತದೆ. 40 ಮೀಟರ್ ದಾಟಿಸಿ ನಿಲ್ಲಿಸಿದರೆ ನೆಮ್ಮದಿ.

ಹೆದ್ದಾರಿ_ಎಂಜಿನಿಯರ್:
ಮೇಲಿನವರು ಜಾಗದ ವಿಷಯ ಸರಿಯಾಗಿ ಹೇಳಿದ್ದಾರೆ. ಇನ್ನು ನಿಯಮ.

ಹೆದ್ದಾರಿ ಜಾಗದೊಳಗೆ ವಾಣಿಜ್ಯ ಜಾಹೀರಾತಿಗೆ ಅವಕಾಶ ಇಲ್ಲ ಅಂತಲೇ ಇಟ್ಟುಕೊಳ್ಳಿ. ಆಸ್ಪತ್ರೆ, ಬಸ್ ನಿಲ್ದಾಣದಂಥ ಸಾರ್ವಜನಿಕ ಮಾಹಿತಿ ಫಲಕ, ಜಾತ್ರೆಯಂಥದ್ದಕ್ಕೆ ತಾತ್ಕಾಲಿಕ ಫಲಕ, ಇಷ್ಟಕ್ಕೆ ವಿನಾಯಿತಿ ಕೊಡುತ್ತಾ ಬಂದಿದ್ದಾರೆ, ಅದೂ ಅನುಮತಿ ಪಡೆದು. ಕ್ರ್ಯಾಶ್ ಬ್ಯಾರಿಯರ್, ಮೀಡಿಯನ್, ಸೇತುವೆಯ ತಡೆಗಂಬಿ, ದಿಕ್ಸೂಚಿ ಫಲಕದ ಕಂಬ, ಇವಕ್ಕೆ ಕಟ್ಟಿದ್ದನ್ನು ಗಸ್ತಿನವರು ಕಂಡಾಗಲೆಲ್ಲ ಕಿತ್ತು ಬಿಸಾಡುತ್ತಾರೆ. 2002ರ ರಾಷ್ಟ್ರೀಯ ಹೆದ್ದಾರಿಗಳ (ಭೂಮಿ ಮತ್ತು ಸಂಚಾರ) ನಿಯಂತ್ರಣ ಕಾಯ್ದೆಯ 26ನೇ ಕಲಂ ಪ್ರಕಾರ ಅನಧಿಕೃತ ಒತ್ತುವರಿ ತೆರವು ಮಾಡಿಸಬಹುದು, ತೆರವಿನ ಖರ್ಚನ್ನೂ ನಿಮ್ಮಿಂದಲೇ ವಸೂಲಿ ಮಾಡಬಹುದು. ನಿಮ್ಮ ಬಾಣದ ಬೋರ್ಡಿನ ಆಸೆ ಬಿಡಿ.

ಹೆದ್ದಾರಿ ಜಾಗದ ಹೊರಗೆ ಹಾಕುವಾಗಲೂ ನೋಡುವುದು ಐಆರ್‌ಸಿ 46ರ ಅಂತರಗಳನ್ನು. 1972ರ ದಾಖಲೆ ಅದು. ಹಳೆಯದಾದರೂ ಇವತ್ತಿಗೂ ಅಳತೆಗೋಲು ಅದೇ:

– ಜಂಕ್ಷನ್, ಸೇತುವೆ ಅಥವಾ ಯಾವುದೇ ಕ್ರಾಸಿಂಗ್‌ನಿಂದ 100 ಮೀಟರ್ ಒಳಗೆ ಬೇಡ (ನಗರದೊಳಗೆ 50ಕ್ಕೆ ಇಳಿಸಬಹುದು)
– ಸಂಚಾರ ಫಲಕದಿಂದ ರಸ್ತೆಯುದ್ದಕ್ಕೆ 50 ಮೀಟರ್ ಒಳಗೆ ಬೇಡ
– ವಾಹನ ಓಡುವ ರಸ್ತೆಯ ಅಂಚಿನಿಂದ 10 ಮೀಟರ್ ಒಳಗೆ ಬೇಡ
– ರಸ್ತೆಗೆ ಅಡ್ಡವಾಗಿ ತೂಗುಹಾಕುವಂತಿಲ್ಲ, ಮಿನುಗುವ ದೀಪ ಇಲ್ಲ, ಸಂಚಾರ ಫಲಕವನ್ನು ಹೋಲುವ ಆಕಾರ ಇಲ್ಲ

ಕೊನೆಯದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಹಸಿರು ಹಿನ್ನೆಲೆ, ಬಿಳಿ ಅಕ್ಷರ, ದೊಡ್ಡ ಬಾಣ ಅಂತ ಡಿಸೈನ್ ಮಾಡಿಕೊಡುವವರಿದ್ದಾರೆ. ಗಾಡಿ ಓಡಿಸುವವನಿಗೆ ಅದು ಎಕ್ಸಿಟ್ ಬೋರ್ಡಿನಂತೆ ಕಾಣುತ್ತದೆ. ಮೋಟಾರು ವಾಹನ ಕಾಯ್ದೆಯ 116ನೇ ಕಲಂ ಅಡಿ ಸರ್ಕಾರದಿಂದ ಅಧಿಕಾರ ಪಡೆದ ಪೊಲೀಸ್ ಅಧಿಕಾರಿ (ಎಸ್‌ಪಿ ದರ್ಜೆಗೆ ಕಡಿಮೆ ಇಲ್ಲದವರು) ಅಂಥದ್ದನ್ನು ತೆಗೆಸಬಹುದು. ಸಂಚಾರ ಫಲಕವನ್ನು ಮರೆಮಾಡುವ, ಚಾಲಕರ ಗಮನ ಸೆಳೆಯುವ ಜಾಹೀರಾತಿಗೂ ಅದೇ ಕಲಂ. ಅದು ಯಾರ ಜಮೀನಿನಲ್ಲಿದೆ ಅನ್ನೋದು ಅಲ್ಲಿ ಮುಖ್ಯವಲ್ಲ.

ಅರ್ಜಿ ಆ ಭಾಗದ ಎನ್‌ಎಚ್‌ಎಐ (ರಾಷ್ಟ್ರೀಯ ಹೆದ್ದಾರಿ ಪ್ರಾಧಿಕಾರ) ಪ್ರಾಜೆಕ್ಟ್ ಡೈರೆಕ್ಟರ್‌ಗೆ. (ಬೇರೆಯವರು ಓದುತ್ತಿದ್ದರೆ: ಎನ್‌ಎಚ್‌ಎಐಗೆ ವಹಿಸದ ರಾಷ್ಟ್ರೀಯ ಹೆದ್ದಾರಿಗೆ ಲೋಕೋಪಯೋಗಿ ಇಲಾಖೆಯ ಎನ್‌ಎಚ್ ವಿಭಾಗದ ಕಾರ್ಯಪಾಲಕ ಎಂಜಿನಿಯರ್.) ಜೊತೆಗೆ ಇಷ್ಟು ಇಡಿ: ಕಿ.ಮೀ. ಕಲ್ಲಿನ ಸಂಖ್ಯೆ ಮತ್ತು ಎಡಬದಿಯೋ ಬಲಬದಿಯೋ. ನಡುಗೆರೆ, ರಸ್ತೆ ಅಂಚು, ಹತ್ತಿರದ ಜಂಕ್ಷನ್ ಮತ್ತು ಸಂಚಾರ ಫಲಕದಿಂದ ಅಂತರ ಬರೆದ ನಕ್ಷೆ. ಎರಡೂ ದಿಕ್ಕಿನಿಂದ ತೆಗೆದ ಫೋಟೊ. ಪಹಣಿ, ಹದ್ದುಬಸ್ತು ನಕ್ಷೆ. ಸ್ಟ್ರಕ್ಚರಲ್ ಎಂಜಿನಿಯರ್ ಪ್ರಮಾಣಪತ್ರ. ರಸ್ತೆ ಅಗಲೀಕರಣವಾದರೆ ಪರಿಹಾರ ಕೇಳದೆ ಸ್ವಂತ ಖರ್ಚಿನಲ್ಲಿ ತೆಗೆಯುತ್ತೇನೆಂಬ ಮುಚ್ಚಳಿಕೆ. ಅರ್ಜಿ ವಾಪಸ್ ಬರುವುದು ಹೆಚ್ಚಾಗಿ ‘ಹೋಟೆಲ್ ಹತ್ತಿರ’ ಅಂತಷ್ಟೇ ಬರೆದು ಕಿ.ಮೀ. ಸಂಖ್ಯೆ ಹಾಕದೆ ಬಿಟ್ಟಾಗ.

ಬಾರ್ ವಿಷಯ: ಬರೆಸಬೇಡಿ. ಸುಪ್ರೀಂ ಕೋರ್ಟ್ 2016ರ ಡಿಸೆಂಬರ್ 15ರ ತೀರ್ಪಿನಲ್ಲಿ ರಾಷ್ಟ್ರೀಯ, ರಾಜ್ಯ ಹೆದ್ದಾರಿಗಳುದ್ದಕ್ಕೂ ‘ಮದ್ಯ ಸಿಗುತ್ತದೆ’ ಎಂದು ತಿಳಿಸುವ ಎಲ್ಲ ಫಲಕ, ಜಾಹೀರಾತು ನಿಷೇಧಿಸಿದೆ. ಲೈಸೆನ್ಸ್‌ಗೇ ಹೆದ್ದಾರಿಯ ಹೊರ ಅಂಚಿನಿಂದ 500 ಮೀಟರ್ ದೂರ ಇರಬೇಕು. 20,000 ಅಥವಾ ಅದಕ್ಕಿಂತ ಕಡಿಮೆ ಜನಸಂಖ್ಯೆಯ ಸ್ಥಳೀಯ ಸಂಸ್ಥೆಗಳಲ್ಲಿ 220 ಮೀಟರ್ ಅಂತ 2017ರ ಮಾರ್ಚ್‌ನಲ್ಲಿ ಸಡಿಲಿಸಿದರು. ಬೋರ್ಡಿಗಿಂತ ಮೊದಲು ಆ ದೂರ ಅಳೆಸಿ.

ವೆಲ್ಡಿಂಗ್_ಶೆಡ್:
ಕಟ್ಟುವ ವಿಷಯ ನಾನು ಹೇಳ್ತೀನಿ. ಫ್ಲೆಕ್ಸ್ ಬೇಡ, ರಾಜ್ಯದಲ್ಲಿ 2016ರ ಪ್ಲಾಸ್ಟಿಕ್ ನಿಷೇಧದ ಪಟ್ಟಿಯಲ್ಲೇ ಅದಿದೆ. ಎಸಿಪಿ (ಅಲ್ಯೂಮಿನಿಯಂ ಕಾಂಪೋಸಿಟ್ ಪ್ಯಾನೆಲ್) ಅಥವಾ ಜಿಐ ಶೀಟ್ (ಸತು ಲೇಪಿತ ತಗಡು) ಮೇಲೆ ಹೋಗಿ.

20×10 ಅಡಿ ಅಂದರೆ ಸುಮಾರು 18.6 ಚದರ ಮೀಟರ್. ಗಾಳಿಯ ಹೊರೆ ಲೆಕ್ಕ ಹಾಕುವ ಭಾರತೀಯ ಮಾನಕ ಐಎಸ್ 875 ಭಾಗ 3ರಲ್ಲಿ ಗಾಳಿಯ ಮೂಲ ವೇಗ ಬೆಂಗಳೂರಿಗೆ ಸೆಕೆಂಡಿಗೆ 33 ಮೀಟರ್, ಮಂಗಳೂರಿಗೆ 39. 33 ಅಂತಲೇ ಹಿಡಿದರೂ ಚದರ ಮೀಟರ್‌ಗೆ ಸುಮಾರು 650 ನ್ಯೂಟನ್ ಒತ್ತಡ, ಆಕಾರದ ಗುಣಾಂಕ ಸೇರಿಸಿದರೆ ಇಡೀ ಬೋರ್ಡಿನ ಮೇಲೆ ಒಂದೂವರೆ ಟನ್ ತಳ್ಳು. ಬೋರ್ಡಿನ ಮಧ್ಯ ನೆಲದಿಂದ ನಾಲ್ಕೂವರೆ ಮೀಟರ್ ಎತ್ತರ ಇದ್ದರೆ ಎರಡು ಕಂಬದಲ್ಲಿ ಒಂದೊಂದರ ಬುಡಕ್ಕೂ 3.4 ಟನ್-ಮೀಟರ್ ಉರುಳಿಸುವ ಬಲ (ತಳ್ಳು × ಎತ್ತರ) ಬೀಳುತ್ತದೆ. ಮಾಮೂಲಿ ಹಾಕುವ 1×1×1.2 ಮೀಟರ್ ಕಾಂಕ್ರೀಟ್ ಬ್ಲಾಕ್ ತನ್ನ ತೂಕದಿಂದ ಹಿಡಿಯುವುದು ಹೆಚ್ಚೆಂದರೆ 1.4. ಉಳಿದದ್ದನ್ನು ಪಕ್ಕದ ಮಣ್ಣು ಹಿಡಿಯಬೇಕು. ಎರೆಮಣ್ಣು ಬೇಸಿಗೆಯಲ್ಲಿ ಬಿರುಕು ಬಿಟ್ಟು ಬ್ಲಾಕಿನ ಸುತ್ತ ಸಂದು ಬೀಳುತ್ತದೆ, ಏಪ್ರಿಲ್–ಮೇ ಬಿರುಗಾಳಿ ಬರುವುದೂ ಅದೇ ಹೊತ್ತಿಗೆ. ಹಾಗಾಗಿ ಅಗಲದ ಪಾದ ಅಥವಾ ಹಿಂದೆ ಓರೆ ಆಸರೆ ಬೇಕೇ ಬೇಕು. ಅಳತೆ ಎಂಜಿನಿಯರ್ ಕೊಡಲಿ. 2024ರ ಮೇ 13ರಂದು ಮುಂಬೈನ ಘಾಟ್ಕೋಪರ್‌ನಲ್ಲಿ ಬಿದ್ದು 17 ಜನರ ಪ್ರಾಣ ತೆಗೆದ ಹೋರ್ಡಿಂಗ್ 120×120 ಅಡಿಯದ್ದು, ಅಲ್ಲಿನ ಮಿತಿ 40×40. ಅದಾದ ಮೇಲೆ ಸ್ಟ್ರಕ್ಚರಲ್ ಪ್ರಮಾಣಪತ್ರ ಸುಮ್ಮನೆ ಕಾಗದ ಅಂತ ಯಾರೂ ಹೇಳಬಾರದು.

ಕಂಬದ ಬುಡ ನೆಲಮಟ್ಟದಲ್ಲೇ ತುಕ್ಕು ಹಿಡಿಯುತ್ತದೆ. ಕಾಂಕ್ರೀಟ್ ನೆಲದಿಂದ 15 ಸೆಂ.ಮೀ. ಮೇಲೆ ಬರಲಿ, ಮೇಲ್ಭಾಗ ನೀರು ಇಳಿಯುವಂತೆ ಓರೆ ಮಾಡಿ. 11 ಕೆವಿ ಲೈನ್ ಪಕ್ಕದಲ್ಲಿದ್ದರೆ ಅಡ್ಡಡ್ಡ 1.2 ಮೀಟರ್ ಕನಿಷ್ಠ ಅಂತರ, ತಂತಿ ಗಾಳಿಗೆ ತೂಗಿದಾಗಲೂ. ಲೈನ್ ಕೆಳಗೆ ಹಾಕುವ ಯೋಚನೆಯೇ ಬೇಡ. ಲೈಟನ್ನು ಮೇಲಿಂದ ಕೆಳಕ್ಕೆ ಬಿಡಿ. ಕೆಳಗಿಂದ ಮೇಲಕ್ಕೆ ಬಿಟ್ಟರೆ ಎದುರು ಬರುವವರ ಕಣ್ಣಿಗೆ ಹೊಡೆಯುತ್ತದೆ.

ದಾರಿಬದಿ_ಹೋಟೆಲ್:
ತುಂಬಾ ಉಪಕಾರ. 40 ಮೀಟರ್ ಆಚೆ ಹೋದರೆ ಓದಲು ಆಗುತ್ತದಾ? ಮತ್ತೆ ಹೆದ್ದಾರಿಯವರ ನೀಲಿ ಬೋರ್ಡಿನಲ್ಲಿ ನಮ್ಮ ಹೋಟೆಲ್ ಸೇರಿಸಲು ಆಗಲ್ವಾ?

ಹೆದ್ದಾರಿ_ಎಂಜಿನಿಯರ್:
ನೀಲಿ ಫಲಕ ಸಂಚಾರ ಫಲಕ, ಅದನ್ನು ಹಾಕುವುದು ಹೆದ್ದಾರಿ ಪ್ರಾಧಿಕಾರ. ಚಮಚ-ಮುಳ್ಳಿನ ಚಿತ್ರ ‘ಇಲ್ಲಿ ಊಟ ಸಿಗುತ್ತದೆ’ ಅನ್ನುತ್ತದೆಯೇ ಹೊರತು ಯಾರ ಹೋಟೆಲ್ ಅಂತಲ್ಲ. ಹಾಕಿ ಅಂತ ಮನವಿ ಕೊಡಬಹುದು, ನೀವೇ ಮಾಡಿಸಿ ನೆಡುವಂತಿಲ್ಲ.

ಓದಲು ಆಗುತ್ತದೆ, ಪದ ಕಡಿಮೆ ಇದ್ದರೆ. ಗಂಟೆಗೆ 80 ಕಿ.ಮೀ. ಅಂದರೆ ಸೆಕೆಂಡಿಗೆ 22 ಮೀಟರ್. ಐದಾರು ಸೆಕೆಂಡ್ ಸಿಗಬೇಕಾದರೆ ಸುಮಾರು 120 ಮೀಟರ್ ದೂರದಿಂದಲೇ ಅಕ್ಷರ ಕಾಣಬೇಕು, ಅಂದರೆ ಕನಿಷ್ಠ 30 ಸೆಂ.ಮೀ. ಎತ್ತರ. ಈ ಅಳತೆಯನ್ನು ಮೂಲ ಅಕ್ಷರಕ್ಕೆ ಹಿಡಿಯಿರಿ. ಒತ್ತಕ್ಷರ ಸೇರಿಸಿ ಅಳೆದರೆ ಅಕ್ಷರ 20ಕ್ಕೆ ಇಳಿದುಬಿಡುತ್ತದೆ, ಡಿಸೈನ್ ಮಾಡುವವರು ಎಡವುವುದು ಇಲ್ಲೇ. ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾಯ್ದೆಯ 2024ರ ತಿದ್ದುಪಡಿ ಪ್ರಕಾರ ನಾಮಫಲಕದಲ್ಲಿ ಶೇ 60 ಕನ್ನಡ, ಅದೂ ಮೇಲ್ಭಾಗದಲ್ಲಿ ಇರಬೇಕು. ಹೆಸರು, ‘ಊಟ–ತಿಂಡಿ’, ‘ಎಡಕ್ಕೆ’, ಇಷ್ಟು ಸಾಕು. ಮೊಬೈಲ್ ನಂಬರ್ ಹಾಕಿಸಬೇಡಿ, ಆ ವೇಗದಲ್ಲಿ ಯಾರೂ ಬರೆದುಕೊಳ್ಳುವುದಿಲ್ಲ.