ಬೇಸಿಗೆಯಲ್ಲಿ ನಿಲ್ಲುವ ಗಾಳಿಯಂತ್ರಗಳಿಂದ ಕಲ್ಲಿದ್ದಲು ನಿಜವಾಗಿ ಉಳಿಯುತ್ತದೆಯೇ?

ಪ್ರಶ್ನೆ (ಗದಗ ಸೀಮೆಯ ರೈತ)

ಕಪ್ಪತಗುಡ್ಡದ ಸಾಲಿನ ಗಾಳಿಯಂತ್ರಗಳು ಆಷಾಢದಲ್ಲಿ ಹಗಲಿರುಳೆನ್ನದೆ ತಿರುಗುತ್ತವೆ. ಆದರೆ ಪಂಪ್‌ಸೆಟ್‌ಗಳಿಗೆ ಕರೆಂಟು ಅತ್ಯಗತ್ಯವಾಗುವ ಮಾರ್ಚ್ ತಿಂಗಳಲ್ಲಿ ಅವುಗಳಲ್ಲಿ ಎಷ್ಟೋ ಯಂತ್ರಗಳು ಗಂಟೆಗಟ್ಟಲೆ ಅಲುಗಾಡುವುದಿಲ್ಲ. ಹೀಗಿರುವಾಗ ರಾಯಚೂರಿನ ಶಾಖೋತ್ಪನ್ನ ಸ್ಥಾವರದಲ್ಲಿ ಸುಡುವ ಕಲ್ಲಿದ್ದಲು ಇವುಗಳಿಂದ ಕಡಿಮೆಯಾಗುತ್ತಿದೆಯೇ? ತಿಳಿದವರು ದಯವಿಟ್ಟು ವಿವರಿಸಬೇಕು.

ಉತ್ತರ 1 (ನಿವೃತ್ತ ವಿದ್ಯುತ್ ಎಂಜಿನಿಯರ್)

ನೀವು ಕಂಡದ್ದು ಸರಿಯಾಗಿಯೇ ಇದೆ. ಗಾಳಿಯ ವೇಗ ಅರ್ಧಕ್ಕೆ ಇಳಿದರೆ ಅದರಲ್ಲಿರುವ ಶಕ್ತಿ ಎಂಟರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಸೆಕೆಂಡಿಗೆ ಸುಮಾರು 3 ಮೀಟರಿಗಿಂತ ಕಡಿಮೆ ವೇಗದಲ್ಲಿ ಯಂತ್ರ ವಿದ್ಯುತ್ ಕೊಡುವುದೇ ಇಲ್ಲ. ಆದರೆ ಗಾಳಿಯೊಂದನ್ನೇ ಕಲ್ಲಿದ್ದಲಿಗೆ ಎದುರಾಗಿಟ್ಟು ತೂಗಿದರೆ ಲೆಕ್ಕ ತಪ್ಪುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮೋಡ ಕವಿದು ಸೌರಫಲಕಗಳ ಉತ್ಪಾದನೆ ಕುಗ್ಗುವಾಗ ನೈಋತ್ಯ ಮಾರುತ ಗಾಳಿಯಂತ್ರಗಳನ್ನು ತಿರುಗಿಸುತ್ತದೆ. ನೀವು ಹೇಳಿದ ಮಾರ್ಚ್‌ನಲ್ಲಿ 2,050 ಮೆಗಾವ್ಯಾಟ್ ಸಾಮರ್ಥ್ಯದ ಪಾವಗಡ ಸೌರ ಪಾರ್ಕು ಹಗಲಿನ ಹೊರೆ ಹೊರುತ್ತದೆ. ಆದುದರಿಂದ ಪಂಪ್‌ಸೆಟ್‌ಗಳಿಗೆ ಹಗಲಿನಲ್ಲೇ ತ್ರಿಫೇಸ್ ಕೊಟ್ಟಷ್ಟೂ ಕಲ್ಲಿದ್ದಲು ಉಳಿಯುತ್ತದೆ.

ಇನ್ನೊಂದು ಲಾಭ ಕಣ್ಣಿಗೆ ಕಾಣುವುದಿಲ್ಲ. ಮಳೆಗಾಲದಲ್ಲಿ ಗಾಳಿಯಿಂದ ಬಂದ ವಿದ್ಯುತ್ತಿನಷ್ಟು ಶರಾವತಿಯ ಟರ್ಬೈನುಗಳನ್ನು ನಿಧಾನಗೊಳಿಸಿದರೆ ಆ ನೀರು ಲಿಂಗನಮಕ್ಕಿಯಲ್ಲೇ ಉಳಿದು, ಬೇಸಿಗೆಯ ಸಂಜೆ ಸೂರ್ಯ ಮುಳುಗಿದ ಕೂಡಲೇ ಏರುವ ಬೇಡಿಕೆಗೆ ಒದಗುತ್ತದೆ. ಒಟ್ಟು 1,720 ಮೆಗಾವ್ಯಾಟ್‌ನ ರಾಯಚೂರು ಸ್ಥಾವರದಲ್ಲಿ ಮಳೆಗಾಲದಲ್ಲಿ ಘಟಕಗಳನ್ನು ನಿಲ್ಲಿಸಿದ ಉದಾಹರಣೆಗಳೂ ಇವೆ.

ಉತ್ತರ 2 (ಸಾಗರದಿಂದ)

ಮೇಲಿನ ವಿವರಣೆಯನ್ನು ಒಪ್ಪುತ್ತೇನೆ. ಆದರೆ ಸಂಜೆಯ ಕೊರತೆ ತುಂಬುವ ಹೆಸರಿನಲ್ಲಿ ತಳಕಳಲೆ ಮತ್ತು ಗೇರುಸೊಪ್ಪೆ ಜಲಾಶಯಗಳ ನಡುವೆ ಉದ್ದೇಶಿಸಿರುವ 2,000 ಮೆಗಾವ್ಯಾಟ್ ಪಂಪ್ಡ್ ಸ್ಟೋರೇಜ್ ಯೋಜನೆಯು (ವಿದ್ಯುತ್ ಹೆಚ್ಚಿರುವಾಗ ನೀರನ್ನು ಮೇಲಿನ ಜಲಾಶಯಕ್ಕೆ ಎತ್ತಿಟ್ಟು, ಬೇಕಾದಾಗ ಕೆಳಗಿಳಿಸಿ ವಿದ್ಯುತ್ ಪಡೆಯುವ ವ್ಯವಸ್ಥೆ) ಸಿಂಗಳೀಕಗಳ ಕಾಡನ್ನೇ ಹೊಕ್ಕುತ್ತದೆ. ಈಗಾಗಲೇ ಒಮ್ಮೆ ಲಿಂಗನಮಕ್ಕಿಗಾಗಿ ಊರು, ಕಾಡುಗಳನ್ನು ಬಿಟ್ಟುಕೊಟ್ಟ ಕಣಿವೆ ಇದು. ಶುದ್ಧ ವಿದ್ಯುತ್ತಿಗಾಗಿ ಮತ್ತೆ ಅದೇ ಕಣಿವೆಯಿಂದ ಬೆಲೆ ತೆರಿಸುವುದು ನ್ಯಾಯವಲ್ಲ. ಸೌರ ಪಾರ್ಕುಗಳ ಪಕ್ಕದಲ್ಲೇ ಬ್ಯಾಟರಿ ಸಂಗ್ರಹಾಗಾರಗಳನ್ನು ಕಟ್ಟುವ ದಾರಿಯನ್ನು ಮೊದಲು ಪೂರ್ಣವಾಗಿ ಪರಿಶೀಲಿಸಲಿ.

ಉತ್ತರ 3 (ಪಾವಗಡ ತಾಲ್ಲೂಕು)

ನೆಲದ ಮಾತನ್ನೂ ಇಲ್ಲಿ ಸೇರಿಸಬೇಕು. ನಮ್ಮಲ್ಲಿ ಸೌರ ಪಾರ್ಕಿಗಾಗಿ ತಿರುಮಣಿ ಸುತ್ತಿನ ಊರುಗಳ ಸುಮಾರು 13,000 ಎಕರೆ ಜಮೀನನ್ನು ರೈತರಿಂದ ಕೊಳ್ಳದೆ ಗುತ್ತಿಗೆಗೆ ಪಡೆದರು. ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಆರಂಭವಾದ ಈ ವ್ಯವಸ್ಥೆ, ಮಳೆ ನಂಬಿ ಶೇಂಗಾ ಬಿತ್ತುತ್ತಿದ್ದ ಭೂಮಾಲೀಕರಿಗೆ ಖಚಿತವಾದ ಆದಾಯ ತಂದಿತು. ಆದರೆ ಆ ಹೊಲಗಳಲ್ಲಿ ಕೂಲಿ ಮಾಡುತ್ತಿದ್ದವರಿಗೂ, ಬೀಳು ನೆಲದಲ್ಲಿ ಕುರಿ ಮೇಯಿಸುತ್ತಿದ್ದವರಿಗೂ ಗುತ್ತಿಗೆಯ ಹಣ ಸೇರುವುದಿಲ್ಲ, ಮತ್ತು ಇದನ್ನು ಮುಂದಿನ ಯೋಜನೆಗಳಲ್ಲಿ ಮೊದಲೇ ಸರಿಪಡಿಸಲೇಬೇಕು. ಗಾಳಿಯಂತ್ರಗಳ ವಿಷಯ ಬೇರೆ: ಹೊಲದಲ್ಲಿ ಕಂಬ ನೆಟ್ಟರೂ ಅದರ ಬುಡದ ಸಮೀಪದವರೆಗೆ ಜೋಳ ಬಿತ್ತಬಹುದು.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಧನ್ಯವಾದಗಳು. ಕಪ್ಪತಗುಡ್ಡ 2019ರಲ್ಲಿ ವನ್ಯಜೀವಿ ಧಾಮವಾಗಿರುವುದರಿಂದ ಅಲ್ಲಿ ಇನ್ನಷ್ಟು ಯಂತ್ರಗಳು ಬರುವುದು ನಮಗೆ ಬೇಡ. ಹಾಗಾದರೆ ಗಾಳಿ ವಿದ್ಯುತ್ತನ್ನು ಹೆಚ್ಚಿಸಲು ಬೇರೆ ಮಾರ್ಗವಿದೆಯೇ?

ಉತ್ತರ 1

ಇದೆ. ರಾಜ್ಯದಲ್ಲಿ ಮೊದಮೊದಲು ನೆಟ್ಟ ಯಂತ್ರಗಳಲ್ಲಿ ಅನೇಕವು 500 ಕಿಲೋವ್ಯಾಟ್ ಅಥವಾ ಅದಕ್ಕೂ ಕಡಿಮೆ ಸಾಮರ್ಥ್ಯದವು. ಈಗ ಒಂದೇ ಯಂತ್ರ 2ರಿಂದ 3 ಮೆಗಾವ್ಯಾಟ್ ಕೊಡಬಲ್ಲದು. ಧಾಮದ ಹೊರಗಿನ ಹಳೆಯ ತಾಣಗಳಲ್ಲಿ ಗಾಳಿ, ರಸ್ತೆ, ವಿದ್ಯುತ್ ಮಾರ್ಗ ಎಲ್ಲವೂ ಈಗಾಗಲೇ ಇರುವುದರಿಂದ, ಹಳೆಯವನ್ನು ಕಳಚಿ ಕಡಿಮೆ ಸಂಖ್ಯೆಯ ದೊಡ್ಡ ಯಂತ್ರಗಳನ್ನು ನಿಲ್ಲಿಸುವುದೇ ನನ್ನ ದೃಷ್ಟಿಯಲ್ಲಿ ಮೊದಲು ಆಗಬೇಕಾದ ಕೆಲಸ.