ಎಂಆರ್‌ಐ ಕಾಲು ಗಂಟೆಗೇ ಮುಗಿದರೆ ಸ್ಕ್ಯಾನ್ ಅರ್ಧಂಬರ್ಧ ಆಯಿತೇ?

ಪ್ರಶ್ನೆ: ಸರ್, ನೀವು ರೇಡಿಯಾಲಜಿಸ್ಟ್ ಅಂತ ಗೊತ್ತಾಗಿ ಕೇಳ್ತಿದ್ದೀನಿ. ಅಪ್ಪನಿಗೆ ಹಿಂದೆ ಮಂಡಿ ಎಂಆರ್‌ಐ ಮಾಡಿಸಿದಾಗ ಅರ್ಧ ಗಂಟೆ ಮೇಲೇ ಹಿಡಿದಿತ್ತು. ಈ ಸಲ ಬೇರೆ ಕಡೆ ಮಾಡಿಸಿದ್ವಿ, ಕಾಲು ಗಂಟೆಗೆಲ್ಲ ಎಬ್ಬಿಸಿ ಕಳಿಸಿಬಿಟ್ರು. ದುಡ್ಡು ಮಾತ್ರ ಅಷ್ಟೇ! ಎರಡೂ 1.5 ಟೆಸ್ಲಾ, ಅಂದ್ರೆ ಒಂದೇ ಕಾಂತಶಕ್ತಿಯ ಮಷೀನೇ. ಏನಾದರೂ ಬಿಟ್ಟಿದ್ದಾರಾ?

ಉತ್ತರ: ಬಿಟ್ಟಿರುತ್ತಾರೆ. ಬೇಕೆಂದೇ, ಲೆಕ್ಕ ಹಾಕಿ ಬಿಟ್ಟಿರುತ್ತಾರೆ.

ಎಂಆರ್‌ಐ ಯಂತ್ರ ನೇರವಾಗಿ ಚಿತ್ರ ತೆಗೆಯುವುದೇ ಇಲ್ಲ. ದೇಹದಿಂದ ಬರುವ ರೇಡಿಯೋ ಸಂಕೇತವನ್ನು ಸಾಲುಸಾಲಾಗಿ ಅಳೆದು 'ಕೆ-ಸ್ಪೇಸ್' ಎಂಬ ಕೋಷ್ಟಕ ತುಂಬಿಸುತ್ತದೆ. ಆಮೇಲೆ ಫೋರಿಯರ್ ಗಣಿತದಿಂದ ಅದು ಚಿತ್ರವಾಗುತ್ತದೆ. ಹಳೆಯ ಕಾಲದ ಸರಳ ಟಿ1 ಸೀಕ್ವೆನ್ಸಿನಲ್ಲಿ (ಚಿತ್ರ ತೆಗೆಯುವ ಒಂದು ಕ್ರಮ) 256 ಸಾಲು, ಸಾಲಿಗೆ ಅರ್ಧ ಸೆಕೆಂಡು ಎಂದರೆ 128 ಸೆಕೆಂಡು ಬೇಕು. ಆ ಅರ್ಧ ಸೆಕೆಂಡಿಗೆ ಕೈ ಹಾಕಿದರೆ ಚಿತ್ರದ ಕಪ್ಪು-ಬಿಳುಪೇ ಬದಲಾಗುತ್ತದೆ, ಏಕೆಂದರೆ ಪ್ರೋಟಾನುಗಳು ಮೊದಲಿನ ಸ್ಥಿತಿಗೆ ಮರಳುವುದು ತಮ್ಮದೇ ವೇಗದಲ್ಲಿ. ಹಾಗಾಗಿ ಸಾಲುಗಳನ್ನೇ ಬಿಡುವ ದಾರಿ ಹುಡುಕಿದರು. 1999ರ 'ಸೆನ್ಸ್', 2002ರ 'ಗ್ರಾಪ್ಪಾ' ವಿಧಾನಗಳು ಬಿಟ್ಟ ಸಾಲುಗಳನ್ನು ಮಂಡಿಯ ಸುತ್ತ ಇಟ್ಟ ಹಲವು ಕಾಯಿಲ್‌ಗಳ (ಸಂಕೇತ ಹಿಡಿಯುವ ಸುರುಳಿಗಳ) ನೆರವಿನಿಂದ ತುಂಬಿಕೊಂಡವು. ಕೆಲವೇ ಸಾಲು ಅಳೆದು ಉಳಿದದ್ದನ್ನು ಗಣಿತದಿಂದ ತುಂಬಿಕೊಳ್ಳುವ 'ಕಂಪ್ರೆಸ್ಡ್ ಸೆನ್ಸಿಂಗ್' ಅದರ ಮೇಲೊಂದು ಹೆಜ್ಜೆ. ಅಮೆರಿಕದ ಔಷಧ, ವೈದ್ಯಕೀಯ ಉಪಕರಣಗಳ ನಿಯಂತ್ರಣ ಸಂಸ್ಥೆ ಎಫ್‌ಡಿಎ 2017ರಿಂದ ಇಂಥ ಸಾಫ್ಟ್‌ವೇರ್‌ಗಳಿಗೆ ಒಪ್ಪಿಗೆ ಕೊಡುತ್ತ ಬಂದಿದೆ.

ಸ್ಕ್ಯಾನ್ ಪೂರ್ತಿ ಆಗಿದೆಯೇ ಎಂದು ಗಡಿಯಾರ ನೋಡಿ ಹೇಳಲಾಗದು. ಮಂಡಿಯನ್ನು ಮೂರೂ ದಿಕ್ಕಿನಿಂದ ತೆಗೆದಿದ್ದಾರಾ, ಕೊಬ್ಬಿನ ಹೊಳಪನ್ನು ಅಡಗಿಸಿದ ಸರಣಿಗಳು ಇವೆಯಾ ಎಂದು ಸಿಡಿಯಲ್ಲಿ ನೋಡಿಸಿ. ಇದ್ದರೆ ದುಡ್ಡಿಗೆ ಮೋಸ ಆಗಿಲ್ಲ.

ಪ್ರಶ್ನೆ: ಎಲೆಕ್ಟ್ರಾನಿಕ್ಸ್ ಓದುತ್ತಿದ್ದೇನೆ ಸರ್. ಸಾಲು ಬಿಟ್ಟರೆ ನೈಕ್ವಿಸ್ಟ್ ನಿಯಮ ಮುರಿದಂತಾಗುವುದಿಲ್ಲವೇ?

ಉತ್ತರ: ಒಳ್ಳೆ ಪ್ರಶ್ನೆ, ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ. ಒಂದು ಸಂಕೇತವನ್ನು ತಪ್ಪಿಲ್ಲದೆ ಮರಳಿ ಪಡೆಯಲು ಕನಿಷ್ಠ ಎಷ್ಟು ಸಲ ಅಳೆಯಬೇಕು ಎಂದು ಹೇಳುವುದೇ ನೈಕ್ವಿಸ್ಟ್ ನಿಯಮ. ಸಂಕೇತದ ಬ್ಯಾಂಡ್‌ವಿಡ್ತ್ ಬಿಟ್ಟು ನಿಮಗೆ ಬೇರೇನೂ ತಿಳಿಯದಿದ್ದಾಗ ನೈಕ್ವಿಸ್ಟ್ ಹೇಳಿದಷ್ಟು ಮಾದರಿ ಬೇಕೇ ಬೇಕು. ಆದರೆ ದೇಹದ ಚಿತ್ರದ ಬಗ್ಗೆ ನಮಗೆ ಇನ್ನೊಂದು ವಿಷಯ ಮೊದಲೇ ಗೊತ್ತು: ಅದನ್ನು ವೇವ್‌ಲೆಟ್ ಎಂಬ ಪುಟ್ಟ ಅಲೆಗಳ ಲೆಕ್ಕಕ್ಕೆ ಪರಿವರ್ತಿಸಿದರೆ ಕೆಲವೇ ಸಂಖ್ಯೆಗಳು ದೊಡ್ಡವು, ಉಳಿದವೆಲ್ಲ ಸೊನ್ನೆಯ ಹತ್ತಿರ. ವಾಟ್ಸಾಪ್‌ನಲ್ಲಿ ಕಳಿಸಿದ ಫೋಟೋ ಕುಗ್ಗಿದರೂ ಮುಖ ಗುರುತು ಸಿಗುವುದು ಇಂಥದೇ ಕಾರಣಕ್ಕೆ. ಹೇಗೂ ಎಸೆಯುವುದನ್ನು ಅಳೆಯುವುದೇಕೆ ಎಂಬ ಪ್ರಶ್ನೆಗೆ 2006ರಲ್ಲಿ ಕ್ಯಾಂಡೆಸ್, ರಾಂಬರ್ಗ್, ಟಾವೋ ಒಂದು ಕಡೆ, ಡೊನೊಹೊ ಇನ್ನೊಂದು ಕಡೆ ಗಣಿತದ ಉತ್ತರ ಕೊಟ್ಟರು. ಮರುವರ್ಷ ಸ್ಟ್ಯಾನ್‌ಫರ್ಡ್‌ನ ಲುಸ್ಟಿಗ್, ಡೊನೊಹೊ, ಪಾಲಿ ಅದನ್ನು ಎಂಆರ್‌ಐಗೆ ತಂದರು. ದೊಡ್ಡ ಸಂಖ್ಯೆಗಳು ಎಷ್ಟಿವೆಯೋ ಅದರ ಸುಮಾರು 2ರಿಂದ 5 ಪಟ್ಟು ಅಳತೆ ಸಾಕು ಎಂಬುದು ಅವರ ಅಂದಾಜು.

ಗುಟ್ಟು ಇರುವುದು ಬಿಡುವ ಕ್ರಮದಲ್ಲಿ. ಹಲವು ಕಾಯಿಲ್‌ಗಳ ನೆರವಿಲ್ಲದೆ ಸಾಲು ಬಿಟ್ಟು ಸಾಲು ಅಳೆದರೆ ಹೊಟ್ಟೆಯ ಮೇಲೆ ಇನ್ನೊಂದು ಹೊಟ್ಟೆ ಮಡಚಿ ಕೂರುತ್ತದೆ, ಯಾವುದು ನಿಜವೆಂದು ಗಣಿತಕ್ಕೂ ತಿಳಿಯದು. ಯಾದೃಚ್ಛಿಕವಾಗಿ ಬಿಟ್ಟರೆ ಅದೇ ತಪ್ಪು ಚಿತ್ರದ ತುಂಬ ಸಣ್ಣ ಗದ್ದಲವಾಗಿ ಹರಡುತ್ತದೆ. ದೊಡ್ಡ ಸಂಖ್ಯೆಗಳು ಅದರ ಮೇಲೆ ತಲೆಯೆತ್ತಿ ನಿಲ್ಲುತ್ತವೆ. ಕಂಪ್ಯೂಟರು ಅವನ್ನು ಉಳಿಸಿಕೊಂಡು, ಗದ್ದಲ ಕತ್ತರಿಸಿ, ನಿಜವಾಗಿ ಅಳೆದ ಸಾಲುಗಳಿಗೆ ತಾಳೆ ನೋಡಿ, ಮತ್ತೆ ಕತ್ತರಿಸುತ್ತದೆ. ಕೆ-ಸ್ಪೇಸಿನ ನಡುಭಾಗವನ್ನು ಮಾತ್ರ ಯಾರೂ ಬಿಡುವುದಿಲ್ಲ, ಚಿತ್ರದ ಒಟ್ಟು ಕಾಂಟ್ರಾಸ್ಟ್ ಇರುವುದೇ ಅಲ್ಲಿ.

ಇನ್ನೊಂದು ಮಾತು. ಒಂದು ಸಾಲಿನೊಳಗಿನ ಬಿಂದುಗಳು ಮಿಲಿಸೆಕೆಂಡುಗಳಲ್ಲಿ ಬಂದುಬಿಡುತ್ತವೆ, ಅಲ್ಲಿ ಬಿಟ್ಟರೆ ಉಳಿತಾಯವಿಲ್ಲ. ಆದ್ದರಿಂದ 2ಡಿ ಚಿತ್ರದಲ್ಲಿ ಒಂದೇ ದಿಕ್ಕಿನಲ್ಲಿ ಆಟವಾಡಬಹುದು, 3ಡಿಯಲ್ಲಿ ಎರಡು ದಿಕ್ಕು. ರಕ್ತನಾಳಗಳ 3ಡಿ ಆಂಜಿಯೋ, ಹೃದಯ ಬಡಿಯುವ ಸಿನೆ ಚಿತ್ರ, ಪಿತ್ತನಾಳದ ಎಂಆರ್‌ಸಿಪಿ, ಇವುಗಳಲ್ಲಿ ಈ ವಿದ್ಯೆ ಚೆನ್ನಾಗಿ ಫಲ ಕೊಡುತ್ತದೆ.

ಪ್ರಶ್ನೆ: ಅಂದರೆ ಕಂಪ್ಯೂಟರ್ ಇಲ್ಲದ್ದನ್ನು ಸೇರಿಸಿ ಚಿತ್ರ ಮಾಡುತ್ತೆ ಅಂತಾಯ್ತಲ್ಲ ಡಾಕ್ಟ್ರೇ? ಭಯ ಆಗುತ್ತೆ.

ಉತ್ತರ: ಭಯ ಬೇಡಮ್ಮ, ಎಚ್ಚರ ಇರಲಿ. ಕಂಪ್ರೆಸ್ಡ್ ಸೆನ್ಸಿಂಗ್‌ನ ದೋಷ ಹೆಚ್ಚಾಗಿ ಅಳಿಸುವ ಕಡೆಗೆ. ಅತಿಯಾಗಿ ಬಿಟ್ಟರೆ ಚಿತ್ರ ನುಣ್ಣಗೆ, ಬಣ್ಣ ಬಳಿದಂತೆ ಕಾಣುತ್ತದೆ. ಮಸುಕಾದ ಸಣ್ಣ ಗುರುತು ಕರಗಿಹೋಗಬಹುದು. ಜೊತೆಗೆ, ಕಾಲು ಭಾಗ ಮಾತ್ರ ಅಳೆದರೆ ಸಂಕೇತ-ಗದ್ದಲ ಅನುಪಾತ ಮೂಲದಲ್ಲೇ ಅರ್ಧಕ್ಕಿಳಿಯುತ್ತದೆ, ಇದು ಯಾವ ಸಾಫ್ಟ್‌ವೇರಿಗೂ ಜಗ್ಗದ ಭೌತಶಾಸ್ತ್ರ. 'ಎಂಟು ಪಟ್ಟು ವೇಗ' ಎಂಬ ಜಾಹೀರಾತು ಕಂಡಾಗ ನನಗೆ ಮೊದಲು ನೆನಪಾಗುವುದು ಇದೇ. ಇಲ್ಲದ್ದನ್ನು ಸೃಷ್ಟಿಸುವ ಚಿಂತೆ ಈಗ ಬರುತ್ತಿರುವ ಎಐ ವಿಧಾನಗಳಲ್ಲಿ ಹೆಚ್ಚು. ಕಡಿಮೆ ಅಳತೆಯಿಂದ ಚಿತ್ರ ಕಟ್ಟುವ 2020ರ 'ಫಾಸ್ಟ್‌ಎಂಆರ್‌ಐ' ಸ್ಪರ್ಧೆಯಲ್ಲಿ ಕೆಲವು ಚಿತ್ರಗಳಲ್ಲಿ ಇಲ್ಲದ ರಚನೆಗಳು ಮೂಡಿದ್ದನ್ನು ರೇಡಿಯಾಲಜಿಸ್ಟ್‌ಗಳು ಗುರುತಿಸಿದರು.

ಪ್ರಶ್ನೆ: ನಾಲ್ಕು ವರ್ಷದ ಮಗಳಿಗೆ ಅನಸ್ತೇಷಿಯಾ ಕೊಟ್ಟು ಹೊಟ್ಟೆಯ ಸ್ಕ್ಯಾನ್ ಮಾಡಬೇಕಂತೆ. ವೇಗದ ಮಷೀನ್ ಇದ್ದರೆ ತಪ್ಪಿಸಬಹುದಾ?

ಉತ್ತರ: ಸ್ಟ್ಯಾನ್‌ಫರ್ಡ್‌ನವರು ಕಂಪ್ರೆಸ್ಡ್ ಸೆನ್ಸಿಂಗನ್ನು ಮೊದಮೊದಲು ಬಳಸಿದ್ದೇ ಮಕ್ಕಳ ಮೇಲೆ, ಉಸಿರು ಬಿಗಿಹಿಡಿಸುವ, ಮಲಗಿಸುವ ಹೊತ್ತು ತಗ್ಗಿಸಲೆಂದು. ಅವಧಿ ಕಡಿಮೆಯಾಗುತ್ತದೆ. ಆದರೆ ನಾಲ್ಕರ ಮಗು ಆ ಸದ್ದಿನಲ್ಲಿ ಹತ್ತು ನಿಮಿಷ ಅಲುಗದೆ ಮಲಗುವುದು ಕಷ್ಟ, ಅಲುಗಿದರೆ ಈ ಲೆಕ್ಕವೂ ಕೆಡುತ್ತದೆ. ಅನಸ್ತೇಷಿಯಾ ಡಾಕ್ಟರನ್ನು ಮುಂಚಿತವಾಗಿ ಭೇಟಿಯಾಗಿ, ಅವರೇ ನಿರ್ಧರಿಸಲಿ.

ಪ್ರಶ್ನೆ: ನಮ್ಮ ಅತ್ತೆಗೆ ಎಂಆರ್‌ಸಿಪಿ ಬರೆದಿದ್ದಾರೆ, ಅವರಿಗೆ ದಮ್ಮು ಇದೆ.

ಉತ್ತರ: ಕಂಪ್ರೆಸ್ಡ್ ಸೆನ್ಸಿಂಗ್ ಎಂಆರ್‌ಸಿಪಿಗೆ ಒಂದೇ ಉಸಿರಿನಲ್ಲಿ ಸುಮಾರು 20 ಸೆಕೆಂಡು ಸಾಕು. ಆದರೆ ದಮ್ಮು ಇರುವವರು ಅಷ್ಟು ಹೊತ್ತು ಉಸಿರು ಹಿಡಿಯಲಾರರು. ಟೇಬಲ್ ಮೇಲೆ ಮಲಗುವ ಮೊದಲೇ ಟೆಕ್ನಿಷಿಯನ್‌ಗೆ ಹೇಳಿ. ಉಸಿರಾಟದ ಲಯ ನೋಡಿಕೊಂಡು ತೆಗೆಯುವ ಹಳೆ ಸೀಕ್ವೆನ್ಸನ್ನೇ ಹಾಕುತ್ತಾರೆ, ಕೆಲವು ನಿಮಿಷ ಹೆಚ್ಚು ಹಿಡಿಯುತ್ತದೆ. ಇನ್‌ಹೇಲರ್ ಬಳಸುತ್ತಿದ್ದರೆ ಜೊತೆಗೆ ಒಯ್ಯಿರಿ. ಸ್ಕ್ಯಾನ್ ಕೋಣೆಯ ಒಳಗೆ ಮಾತ್ರ ಬೇಡ, ಹೊರಗೆ ನಿಮ್ಮ ಕೈಯಲ್ಲಿರಲಿ.