ಆರ್ಕೇಡ್ ಕ್ಯಾಬಿನೆಟ್ ಆಟದ ಮಧ್ಯೆ ರೀಸೆಟ್ ಆಗುತ್ತಿದೆ: ಹೋಗಿರುವುದು ಸಪ್ಲೈಯಾ, ಬೋರ್ಡಾ?

ಕೋಡಿಬಾಗ ಹುಡುಗ (ಕಾರವಾರ)

ಎಲ್ಲರಿಗೂ ನಮಸ್ಕಾರ. ಮಾವನ ಅಂಗಡಿಯಲ್ಲಿದ್ದ ಹಳೆಯ ಆರ್ಕೇಡ್ ಕ್ಯಾಬಿನೆಟ್ ಈಗ ನಮ್ಮ ಮನೆಯಲ್ಲಿದೆ. ಜಾಮಾ ವೈರಿಂಗ್ (ಬೇರೆ ಬೇರೆ ಗೇಮ್ ಬೋರ್ಡ್‌ಗಳು ಒಂದೇ ಕನೆಕ್ಟರಿಗೆ ಕೂರುವ ಮಾದರಿ), ಫೈಟಿಂಗ್ ಗೇಮಿನ ಬೋರ್ಡ್, ಪಿಕ್ಚರ್ ಟ್ಯೂಬಿನ ಮಾನಿಟರ್. ಮಳೆಗಾಲ ಪೂರ್ತಿ ಮುಚ್ಚಿಟ್ಟಿದ್ದೆವು. ಈಗ ಆನ್ ಮಾಡಿದರೆ ಗೇಮ್ ಶುರುವಾಗುತ್ತದೆ, ಮೊದಲ ರೌಂಡ್ ಬರುವಷ್ಟರಲ್ಲಿ ಪಟ್ಟನೆ ರೀಸೆಟ್. ಕೆಲವೊಮ್ಮೆ ಪರದೆ ತುಂಬ ಚೌಕ ಚೌಕ ಕಸ ಬರುತ್ತದೆ. ಮೇಲಿನ ಟ್ಯೂಬ್‌ಲೈಟ್ ಚೆನ್ನಾಗಿ ಉರಿಯುತ್ತದೆ, ಮಾನಿಟರ್ ಆರುವುದಿಲ್ಲ. ಬೋರ್ಡ್ ಕಳಚಿ ಸಪ್ಲೈಗೆ ಮಲ್ಟಿಮೀಟರ್ ಹಿಡಿದರೆ 5.02 ವೋಲ್ಟ್ ಸರಿಯಾಗಿಯೇ ಇದೆ. ಹಾಗಾದರೆ ಬೋರ್ಡೇ ಹೋಗಿದೆ ಅಂತಲಾ? ಆ ಬೋರ್ಡ್ ಮತ್ತೆ ಸಿಗುವುದು ಕಷ್ಟ.

ಶಿರಸಿ ರಿಪೇರಿ

ತಮ್ಮಾ, ಬೋರ್ಡಿನ ಆಸೆ ಇಷ್ಟು ಬೇಗ ಬಿಡಬೇಡ. ಬೋರ್ಡ್ ಕಳಚಿ ನೋಡಿದ 5.02 ಲೆಕ್ಕಕ್ಕೆ ಬರುವುದಿಲ್ಲ. ಲೋಡ್ ಇಲ್ಲದಾಗ ಸೋತ ಸಪ್ಲೈ ಕೂಡ ಐದು ವೋಲ್ಟ್ ತೋರಿಸುತ್ತದೆ. ಬೋರ್ಡ್ ಎರಡು ಮೂರು ಆಂಪಿಯರ್ ಎಳೆಯಲು ಶುರು ಮಾಡಿದಾಗ ಅದರ ಬಂಡವಾಳ ಗೊತ್ತಾಗುವುದು.

ಬೋರ್ಡ್ ಹಾಕಿ, ಗೇಮ್ ಓಡುತ್ತಿರುವಾಗಲೇ ಬೋರ್ಡಿನ ಕನೆಕ್ಟರ್ ಹತ್ತಿರ ಅಳೆ. ಜಾಮಾದಲ್ಲಿ 1 ಮತ್ತು 2ನೇ ಪಿನ್ ಗ್ರೌಂಡ್, 3 ಮತ್ತು 4 ಪ್ಲಸ್ ಐದು, 5 ಮೈನಸ್ ಐದು, 6 ಪ್ಲಸ್ ಹನ್ನೆರಡು. ಹಿಂಬದಿಯಲ್ಲೂ ಅದೇ ಸಾಲು. ಪ್ರೋಬ್ ಜಾರಿ ಪಕ್ಕದ ಪಿನ್ನಿಗೆ ತಾಗಬಾರದು, 12 ವೋಲ್ಟ್ ಐದರ ಸಾಲಿಗೆ ಹೋದರೆ ಬೋರ್ಡ್ ನಿಜಕ್ಕೂ ಹೋಗುತ್ತದೆ. ಆ ಕಾಲದ ಚಿಪ್‌ಗಳಿಗೆ 4.75ರಿಂದ 5.25ರ ಒಳಗೆ ಬೇಕು. ಆಮೇಲೆ ಸಪ್ಲೈಯ ಸ್ಕ್ರೂಗಳ ಮೇಲೂ ಅಳೆದು ಎರಡೂ ಅಂಕಿ ಬರೆ.

ಮಾನಿಟರ್ ಕಡೆ ಕೈ ಹಾಕಲೇಬೇಡ. ಪಿಕ್ಚರ್ ಟ್ಯೂಬಿನ ಆನೋಡ್ ಕ್ಯಾಪ್ ಹತ್ತಿರ ಸಾವಿರಾರು ವೋಲ್ಟ್ ಇರುತ್ತದೆ, ಆಫ್ ಮಾಡಿದ ಮೇಲೂ ಉಳಿದಿರಬಹುದು. ನಿನ್ನ ಕೆಲಸಕ್ಕೆ ಅದು ಬೇಕಾಗಿಯೂ ಇಲ್ಲ.

ಕೋಡಿಬಾಗ ಹುಡುಗ

ಅಳೆದೆ ಅಣ್ಣ. ಬೋರ್ಡ್ ಹತ್ತಿರ 4.58, ಸಪ್ಲೈ ಸ್ಕ್ರೂ ಮೇಲೆ 4.71. ಹನ್ನೆರಡರ ಕಡೆ 11.4. ಗೋಡೆಯ ಪ್ಲಗ್ಗಿನಲ್ಲಿ 228 ಇದೆ.

ಕುಮಟಾ ಅಕ್ಕ

ಇಲ್ಲಿ ಎರಡು ತೊಂದರೆ ಒಟ್ಟಿಗೆ ಇದ್ದಂತೆ ಕಾಣುತ್ತದೆ. ಸಪ್ಲೈಯೇ 4.71ಕ್ಕೆ ಕುಸಿದಿದೆ, ಅದು ಒಂದು. ಅಲ್ಲಿಂದ ಬೋರ್ಡ್ ತಲುಪುವಷ್ಟರಲ್ಲಿ ಇನ್ನೂ 0.13 ಕಳೆದುಹೋಗುತ್ತಿದೆ, ಅದು ಇನ್ನೊಂದು. ಹೊಸ ಸಪ್ಲೈ ಹಾಕಿದರೂ ಎರಡನೆಯದು ಹಾಗೇ ಉಳಿಯುತ್ತದೆ, ಅಲ್ವಾ?

ಕರಾವಳಿಯಲ್ಲಿ ನಾನು ಮೊದಲು ನೋಡುವುದು ಕನೆಕ್ಟರನ್ನೇ. ಪ್ಲಗ್ ತೆಗೆದು ಕನೆಕ್ಟರ್ ಕಳಚಿ, 3 ಮತ್ತು 4ನೇ ಪಿನ್ನಿನ ಸುತ್ತ ಪ್ಲಾಸ್ಟಿಕ್ ಕಂದಾಗಿದೆಯಾ ನೋಡು. ಉಪ್ಪುಗಾಳಿಗೆ ತಾಮ್ರ ಕಿಲುಬು ಹಿಡಿಯುತ್ತದೆ. ಕಿಲುಬು ಹಿಡಿದ ಕಡೆ ತಡೆ ಹೆಚ್ಚು, ತಡೆ ಇದ್ದಲ್ಲಿ ಬಿಸಿ, ಬಿಸಿಯಾದಷ್ಟೂ ಪಿನ್ ಸಡಿಲ. ಬೋರ್ಡಿನ ಅಂಚಿನ ಪಟ್ಟಿಗಳನ್ನು ಮೊದಲು ಪೆನ್ಸಿಲ್ ರಬ್ಬರಿನಿಂದ ಹಗುರವಾಗಿ ಉಜ್ಜಿ, ನಂತರ ಐಸೋಪ್ರೊಪೈಲ್ ಆಲ್ಕೋಹಾಲ್ ಹಾಕಿದ ಬಿಳಿ ಬಟ್ಟೆಯಿಂದ ಒರೆಸು. ಬಟ್ಟೆಗೆ ಹಸಿರು ಹತ್ತುವುದು ನಿಂತ ಮೇಲೆ ಒಣಗಲು ಬಿಡು. ಮರಳು ಕಾಗದ ಬೇಡ, ಪಟ್ಟಿಯ ಮೇಲಿನ ಲೇಪ ಸವೆದುಹೋಗುತ್ತದೆ.

ಕೋಡಿಬಾಗ ಹುಡುಗ

ಅಕ್ಕ ಹೇಳಿದ್ದು ಸರಿ. 3ನೇ ಪಿನ್ ಹತ್ತಿರ ಪ್ಲಾಸ್ಟಿಕ್ ಚಹಾ ಬಣ್ಣಕ್ಕೆ ತಿರುಗಿದೆ, ಬಟ್ಟೆಗೆ ಹಸಿರೂ ಹತ್ತಿತು. ಒರೆಸಿದ ಮೇಲೆ ಸಪ್ಲೈಗೂ ಬೋರ್ಡಿಗೂ ವ್ಯತ್ಯಾಸ 0.05ಕ್ಕೆ ಇಳಿದಿದೆ. ಆದರೂ ರೀಸೆಟ್ ನಿಂತಿಲ್ಲ. ಸಪ್ಲೈ ಮೇಲೆ ಐದು ವೋಲ್ಟ್ ಹೊಂದಿಸುವ ತಿರುಪು ಇದೆ, ಅದನ್ನು ಏರಿಸಲಾ?

ಶಿರಸಿ ರಿಪೇರಿ

ತಿರುಪು ಸ್ವಲ್ಪ ತಿರುಗಿಸಿ ನೋಡಬಹುದು, ಆದರೆ ಬೋರ್ಡ್ ಮೇಲೆ ಮೀಟರ್ ಇಟ್ಟುಕೊಂಡೇ. ಏರಿಸಿದಾಗ ಏರಿ ನಿಮಿಷದಲ್ಲಿ ಮತ್ತೆ ಜಾರಿದರೆ ಸಪ್ಲೈ ಸೋತಿದೆ ಅಂತಲೇ ತಿಳಿ. ಇನ್ನೊಂದು ಪರೀಕ್ಷೆ: ಮೀಟರನ್ನು ಎಸಿಗೆ ಹಾಕಿ ಅದೇ ಐದು ವೋಲ್ಟ್ ಸಾಲನ್ನು ಅಳೆ, ಡಿಸಿಯಲ್ಲಿ ಎಷ್ಟು ಏರಿಳಿತ ಉಳಿದಿದೆ ಅಂತ ಗೊತ್ತಾಗುತ್ತದೆ. ಸಾದಾ ಮೀಟರಿನಲ್ಲಿ ಇದು ಅಂದಾಜು ಮಾತ್ರ. ಆದರೂ 50 ಮಿಲಿವೋಲ್ಟಿನ ಒಳಗೆ ಇದ್ದರೆ ಚಿಂತೆ ಇಲ್ಲ. ನೂರು ದಾಟಿದರೆ ಆ ಏರಿಳಿತ ತಗ್ಗಿಸುವ ಕೆಪಾಸಿಟರ್ ಒಣಗಿದೆ.

ಕೋಡಿಬಾಗ ಹುಡುಗ

4.85ಕ್ಕೆ ಏರಿ ಮತ್ತೆ 4.7ಕ್ಕೆ ಇಳಿಯಿತು. ಎಸಿಯಲ್ಲಿ 170 ಮಿಲಿವೋಲ್ಟ್. ಪ್ಲಗ್ ತೆಗೆದು ಟಾರ್ಚ್ ಹಾಕಿ ಜಾಲರಿಯೊಳಗೆ ನೋಡಿದೆ, ಎರಡು ಕೆಪಾಸಿಟರ್ ತಲೆ ಉಬ್ಬಿವೆ. ಅವನ್ನಷ್ಟೇ ಬದಲಿಸಿದರೆ ಸಾಕಾ?

ಶಿರಸಿ ರಿಪೇರಿ

ಬೆಸುಗೆ ಹಾಕಿ ಅನುಭವ ಇದ್ದವರಿಗೆ ಆಗುತ್ತದೆ. ನಿನಗೆ ನಾನು ಬೇಡ ಅಂತಲೇ ಹೇಳುತ್ತೇನೆ. ಆ ಡಬ್ಬಿಯಲ್ಲಿ ಕರೆಂಟ್ ಬರುವ ಕಡೆಯ ದೊಡ್ಡ ಕೆಪಾಸಿಟರುಗಳಲ್ಲಿ ಒಟ್ಟು 320 ವೋಲ್ಟ್ ಡಿಸಿ ಕೂತಿರುತ್ತದೆ, ಪ್ಲಗ್ ತೆಗೆದ ಕೂಡಲೇ ಹೋಗುವುದಿಲ್ಲ. ಅದರ ಮುಚ್ಚಳ ತೆಗೆಯದೆ ಹೊಸದನ್ನೇ ಹಾಕು. ಆರ್ಕೇಡಿಗಾಗಿಯೇ ಮಾಡಿದ ಸಪ್ಲೈಯಲ್ಲಿ ಪ್ಲಸ್ ಐದು, ಪ್ಲಸ್ ಹನ್ನೆರಡು, ಮೈನಸ್ ಐದು ಮೂರೂ ಇರುತ್ತವೆ. ಐದರ ಕಡೆ 15 ಆಂಪಿಯರ್ ಬರೆದದ್ದು ತಗೋ. ಕಂಪ್ಯೂಟರಿನ ಸಪ್ಲೈ ಹಾಕುವವರೂ ಇದ್ದಾರೆ, ಆದರೆ ಈಗಿನವುಗಳಲ್ಲಿ ಮೈನಸ್ ಐದು ಬರುವುದಿಲ್ಲ. ಕೆಲವು ಹಳೆಯ ಬೋರ್ಡಿಗೆ ಧ್ವನಿಗೆ ಅದು ಬೇಕು.

ಹಾಕುವಾಗ ಮೊದಲ ಕೆಲಸ: ಸಪ್ಲೈ ಪಕ್ಕದಲ್ಲಿ 110/220ರ ಜಾರುಗುಂಡಿ ಇದ್ದರೆ 220ಕ್ಕೆ ಇದೆಯಾ ನೋಡು. 110ರಲ್ಲಿದ್ದು ನಮ್ಮ ಕರೆಂಟ್ ಕೊಟ್ಟರೆ ಹೊಸದು ಅಲ್ಲೇ ಸುಟ್ಟುಹೋಗುತ್ತದೆ. ಹಳೆಯದನ್ನು ಬಿಚ್ಚುವ ಮೊದಲು ಫೋಟೋ ತೆಗೆ, ಪ್ರತಿ ವೈರಿಗೂ ಟೇಪ್ ಅಂಟಿಸಿ ಹೆಸರು ಬರೆ. ವೈರಿನ ಬಣ್ಣ ನಂಬಬೇಡ, ಹಳೆಯ ಕ್ಯಾಬಿನೆಟ್‌ಗಳಲ್ಲಿ ಯಾರ್‍ಯಾರೋ ಕೈಗೆ ಸಿಕ್ಕ ವೈರ್ ಹಾಕಿರುತ್ತಾರೆ. ಐದು ವೋಲ್ಟಿಗೂ ಗ್ರೌಂಡಿಗೂ ದಪ್ಪ ವೈರ್ ಎಳೆ.

ಬೋರ್ಡ್ ಜೋಡಿಸದೆ ಒಮ್ಮೆ ಆನ್ ಮಾಡಿ ಯಾವ ವೈರಿನಲ್ಲಿ ಎಷ್ಟು ಬರುತ್ತಿದೆ ಪರೀಕ್ಷಿಸು, ತಿರುಪನ್ನು ಕಡಿಮೆ ಕಡೆ ಇಡು. ಆಫ್ ಮಾಡಿ ಬೋರ್ಡ್ ಹಾಕಿ, ಮತ್ತೆ ಆನ್ ಮಾಡಿ ಬೋರ್ಡ್ ಹತ್ತಿರ 5.00ರಿಂದ 5.05ಕ್ಕೆ ನಿಧಾನ ತಾ.

ಕುಮಟಾ ಅಕ್ಕ

ಅರ್ತಿಂಗ್ ಮರೆಯಬೇಡ ತಮ್ಮ. ಸಪ್ಲೈಯ ಅರ್ತ್ ಸ್ಕ್ರೂನಿಂದ ಕಂಟ್ರೋಲ್ ಪ್ಯಾನೆಲ್ಲಿನ ತಗಡಿಗೂ ಕಾಯಿನ್ ಡೋರಿಗೂ ವೈರ್ ಹೋಗಿರಬೇಕು, ಪ್ಲಗ್ ಮೂರು ಪಿನ್ನಿನದೇ ಆಗಿರಬೇಕು. ಮಳೆಗಾಲದಲ್ಲಿ ನಮ್ಮ ಸಿಮೆಂಟ್ ನೆಲ ಬೆವರುತ್ತದೆ. ಅದರ ಮೇಲೆ ಬರಿಗಾಲಲ್ಲಿ ನಿಂತು ಆಡುವುದು ಮಕ್ಕಳು. ಸಪ್ಲೈಯನ್ನು ಕ್ಯಾಬಿನೆಟ್ಟಿನ ತಳಕ್ಕೆ ಬಡಿಯದೆ ಮರದ ತುಂಡಿನ ಮೇಲೆ ಎತ್ತರಿಸಿ ಕೂರಿಸು. ಮುಂದಿನ ಮಳೆಗಾಲದಲ್ಲಿ ವಾರಕ್ಕೊಮ್ಮೆ ಒಂದು ತಾಸು ಓಡಿಸಿದರೆ ಒಳಗೆ ಪಸೆ ನಿಲ್ಲುವುದಿಲ್ಲ.

ಕೋಡಿಬಾಗ ಹುಡುಗ

ಹೊಸ ಸಪ್ಲೈ ಹಾಕಿದೆ. ಬೋರ್ಡ್ ಹತ್ತಿರ 5.03, ಹನ್ನೆರಡರ ಕಡೆ 12.1, ಎಸಿಯಲ್ಲಿ 20 ಮಿಲಿವೋಲ್ಟ್. ಸಂಜೆಯಿಂದ ರಾತ್ರಿ ಊಟದವರೆಗೆ ತಂಗಿ ಬಿಡದೆ ಆಡಿದಳು, ಒಮ್ಮೆಯೂ ರೀಸೆಟ್ ಆಗಲಿಲ್ಲ. ಬೋರ್ಡ್ ಉಳಿಯಿತು, ಇಬ್ಬರಿಗೂ ತುಂಬ ಥ್ಯಾಂಕ್ಸ್. ಕಂದಾದ ಕನೆಕ್ಟರ್ ಬದಲಿಸಲು ಹೊಸದು ತರಿಸುತ್ತಿದ್ದೇನೆ. ಗೋಡೆಯ ಪ್ಲಗ್ಗಿನಲ್ಲಿ ಫೇಸಿನಿಂದ ಅರ್ತಿಗೆ ಅಳೆದರೆ 90 ವೋಲ್ಟ್ ಮಾತ್ರ ತೋರಿಸುತ್ತಿದೆ, ಇದು ಸರಿ ಇಲ್ಲ ಅಲ್ವಾ?

ಕುಮಟಾ ಅಕ್ಕ

ಸರಿ ಇಲ್ಲ. ನ್ಯೂಟ್ರಲಿಗೆ 228 ಇದ್ದರೆ ಅರ್ತಿಗೂ ಹೆಚ್ಚು ಕಡಿಮೆ ಅಷ್ಟೇ ಬರಬೇಕು. ನಿಮ್ಮ ಮನೆಯ ಅರ್ತ್ ಎಲ್ಲೋ ಕಡಿದಿದೆ. ಎಲೆಕ್ಟ್ರಿಷಿಯನ್ ಬಂದು ನೋಡುವವರೆಗೆ ಕ್ಯಾಬಿನೆಟ್ ಪ್ಲಗ್ ತೆಗೆದೇ ಇಡು, ತಂಗಿಗೂ ಹೇಳು.